ನಿಷೇಧವೊಂದೇ ರಕ್ಷಣೆಯಲ್ಲ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳನ್ನೊಳಗೊಂಡ ಈ ಸೀಮೆಯಲ್ಲಿ, ಸವದತ್ತಿ ಯಲ್ಲಮ್ಮನ ಹೆಸರಿನಿಂದ ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ಅವರನ್ನು ದೇವದಾಸಿಯರನ್ನಾಗಿಸುವ ಪದ್ಧತಿಯನ್ನು ಶಾಸನವು ಮೊದಲು ನಿಷೇಧಿಸಿದುದು ನಾವು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1934ರಲ್ಲಿ. ಕರ್ನಾಟಕವು ತನ್ನದೇ ಕಾಯಿದೆಯನ್ನು ರಚಿಸಿದುದು 1982ರಲ್ಲಿ. ಇವೆರಡರ ನಡುವಣ ಅರ್ಧ ಶತಮಾನದಲ್ಲಿಯೂ, ಎರಡನೆಯದರ ತರುವಾಯವೂ, ದಲಿತ ಕೇರಿಗಳಲ್ಲಿ ಮುತ್ತು ಕಟ್ಟುವುದು ನಿಲ್ಲಲಿಲ್ಲವೆಂಬುದನ್ನು ನೆನೆದರೆ, ಮನುಷ್ಯನ ಸ್ವಾತಂತ್ರ್ಯವನ್ನು ಕಾಪಾಡುವ ವಿಷಯದಲ್ಲಿ ರಾಜ್ಯದ ಕರ್ತವ್ಯವು ಎಲ್ಲಿಯವರೆಗೆ ಚಾಚಿಕೊಂಡಿದೆಯೆಂದು ಕೇಳದಿರಲಾಗದು.

ಯೂರೋಪಿನ ನ್ಯಾಯಶಾಸ್ತ್ರವು ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವನ್ನಿತ್ತಿದೆ. 1950ರಲ್ಲಿ ರೋಮಿನಲ್ಲಿ ಸಹಿಯಾದ ಮಾನವ ಹಕ್ಕುಗಳ ಒಡಂಬಡಿಕೆಯ ನಾಲ್ಕನೆಯ ವಿಧಿಯು ದಾಸ್ಯವನ್ನು ನಿಷೇಧಿಸುತ್ತದೆ. ಟೋಗೋ ದೇಶದಿಂದ ಪ್ಯಾರಿಸ್ಸಿಗೆ ಬಂದು, ಸಂಬಳವಿಲ್ಲದೆ ವರ್ಷಗಟ್ಟಲೆ ಮನೆಗೆಲಸಕ್ಕೆ ಸಿಲುಕಿದ ಹುಡುಗಿಯೊಬ್ಬಳ ಮೊಕದ್ದಮೆಯಲ್ಲಿ ಸ್ಟ್ರಾಸ್‌ಬರ್ಗಿನ ಮಾನವ ಹಕ್ಕುಗಳ ನ್ಯಾಯಾಲಯವು, ಅಂಥ ದಾಸ್ಯವನ್ನು ಪರಿಣಾಮಕಾರಿಯಾಗಿ ದಂಡಿಸಬಲ್ಲ ಕಾನೂನು ಇಲ್ಲದಿದ್ದುದಕ್ಕಾಗಿ ಫ್ರಾನ್ಸ್ ರಾಜ್ಯವೇ ವಿಧಿಯನ್ನು ಉಲ್ಲಂಘಿಸಿತೆಂದು 2005ರಲ್ಲಿ ತೀರ್ಪಿತ್ತಿತು. ನಮ್ಮ ಸಂವಿಧಾನದ 23ನೆಯ ಅನುಚ್ಛೇದವೂ ಮನುಷ್ಯರ ಮಾರಾಟವನ್ನು, ಬಿಟ್ಟಿ ದುಡಿಮೆಯನ್ನು, ಮಾಡುವವನು ಖಾಸಗಿಯವನಾದರೂ ಸರಿಯೆ, ನಿಷೇಧಿಸಿದೆ. ಆದರೆ 1982ರ ಕಾಯಿದೆಯನ್ನು ಓದಿನೋಡಿ: ಮಗಳಿಗೆ ಮುತ್ತು ಕಟ್ಟಿಸಿದ ಹೆತ್ತವರಿಗೆ ಎರಡರಿಂದ ಐದು ವರ್ಷಗಳ ಸೆರೆ; ಆದರೆ ಆ ಆಚರಣೆಯಲ್ಲಿ ಪಾಲ್ಗೊಳ್ಳದೆ, ಮುಂದೆ ಅವಳನ್ನು ಇಟ್ಟುಕೊಂಡು, ಮಕ್ಕಳನ್ನು ಪಡೆದು, ಕೈಬಿಟ್ಟು ಹೋದ ಸ್ಥಿತಿವಂತನ ವಿಷಯದಲ್ಲಿ ಮೌನ. ಬಡವನ ಮೂಢಭಕ್ತಿಯನ್ನು ಶಿಕ್ಷಿಸಿ ಉಳ್ಳವನ ಭೋಗವನ್ನು ಬಿಟ್ಟ ಈ ನ್ಯಾಯವನ್ನು ನಾನು ಒಪ್ಪಲಾರೆ.

ಇದಕ್ಕಿಂತಲೂ ಮನಸ್ಸನ್ನು ನೋಯಿಸುವುದು ಮಕ್ಕಳ ಪಾಡು. ಶಾಲೆಯ ದಾಖಲಾತಿಯಿಂದ ಹಿಡಿದು ಜಾತಿ ಪ್ರಮಾಣಪತ್ರದವರೆಗೆ ತಂದೆಯ ಹೆಸರೇನೆಂದು ಕೇಳುವ ಅರ್ಜಿಯ ಮುಂದೆ, ತಾಯಿಯ ಹೆಸರೊಂದನ್ನೇ ಬಲ್ಲ ಮಗುವು ತಲೆತಗ್ಗಿಸಬೇಕಾಗುತ್ತದೆ. ಬೆಲ್ಜಿಯಮ್ಮಿನಲ್ಲಿ ಪೌಲಾ ಮಾರ್ಕ್ಸ್ ಎಂಬ ಅವಿವಾಹಿತ ಪತ್ರಕರ್ತೆ ತಾನೇ ಹೆತ್ತ ಮಗಳನ್ನು ಕಾನೂನಿನ ಕಣ್ಣಿಗೆ ತನ್ನವಳೆನಿಸಲು ವಿಧ್ಯುಕ್ತವಾಗಿ ಘೋಷಿಸಬೇಕಾಗಿ ಬಂದಿತ್ತು. 1979ರಲ್ಲಿ ಸ್ಟ್ರಾಸ್‌ಬರ್ಗಿನ ಅದೇ ನ್ಯಾಯಾಲಯವು ಇದನ್ನು ಕೌಟುಂಬಿಕ ಜೀವನದ ಗೌರವಕ್ಕೆ ಭಂಗವೆಂದು ಸಾರಿತು, ಬೆಲ್ಜಿಯಂ 1987ರಲ್ಲಿ ತನ್ನ ಕಾನೂನನ್ನು ತಿದ್ದಿಕೊಂಡಿತು. ತಾಯಿಯಾದವಳು ತಾಯಿಯೆನಿಸಿಕೊಳ್ಳಲು ಮತ್ತಾರ ಹೆಸರೂ ಬೇಡವೆಂಬ ಇಷ್ಟು ಸರಳವಾದ ಸತ್ಯವು ನಮ್ಮ ಕಚೇರಿಗಳನ್ನು ಹೊಗಲು ಇನ್ನೆಷ್ಟು ಕಾಲ ಬೇಕು?

ಸರ್ಕಾರವು ಮಾಡಬೇಕಾಗಿದ್ದ ಕೆಲಸದ ಬಹುಭಾಗವನ್ನು ಈ ನೆಲದಲ್ಲಿ ಮುತ್ತು ಕಟ್ಟಿಸಿಕೊಂಡಿದ್ದ ಹೆಂಗಸರೇ ಕೈಗೆತ್ತಿಕೊಂಡರು. 1997ರಲ್ಲಿ ಮಾಜಿ ದೇವದಾಸಿಯರೇ ಸೇರಿ ಕಟ್ಟಿದ, ಗೋಕಾಕ ತಾಲೂಕಿನ ಘಟಪ್ರಭೆಯಲ್ಲಿ ನೆಲೆಗೊಂಡ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯು ಊರೂರು ತಿರುಗಿ ಮುತ್ತು ಕಟ್ಟುವುದನ್ನು ತಡೆದಿದೆ, ಸ್ವಸಹಾಯ ಗುಂಪುಗಳನ್ನು ಕಟ್ಟಿದೆ. ಬಾಲ್ಯದಲ್ಲಿಯೇ ದೇವಿಗೆ ಅರ್ಪಿತರಾಗಿ, ಅನಂತರ ಆ ಸಂಸ್ಥೆಯನ್ನು ನಡೆಸಿದ ಕಬ್ಬೂರಿನ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು.

ತಂದೆಯ ಹೆಸರನ್ನು ಕಡ್ಡಾಯವಾಗಿ ಕೇಳಬಾರದೆಂಬ ಅಂಶವುಳ್ಳ ಮಸೂದೆಯನ್ನು 2025ರಲ್ಲಿ ನಮ್ಮ ವಿಧಾನಸಭೆಯು ಅಂಗೀಕರಿಸಿದುದು ಸಂತೋಷದ ಸಂಗತಿ. ಆದರೆ ದೇವದಾಸಿಯರ ಹಿಂದಿನ ಗಣತಿಗಳಲ್ಲಿ ಹೆಸರು ಬಿಟ್ಟುಹೋದ ಕಾರಣಕ್ಕೆ ಮಾಸಾಶನದಿಂದ ವಂಚಿತರಾದ ಮುದುಕಿಯರು ಇನ್ನೂ ಇದ್ದಾರೆ. ಅವರು ಕಾಗದಗಳನ್ನು ಹೊತ್ತು ಕಚೇರಿಗೆ ಅಲೆಯುವುದನ್ನು ಕಾಯದೆ, ಈ ಮೂರು ತಾಲೂಕುಗಳ ತಹಶೀಲ್ದಾರರು ತಾವಾಗಿಯೇ ಕೇರಿಗಳಿಗೆ ಹೋಗಿ ಒಬ್ಬೊಬ್ಬರ ಹೆಸರನ್ನೂ ಬರೆದುಕೊಂಡು ಬರಲಿ.