ಸೂಜಿ ಚುಚ್ಚಿದರೆ ಸಿಸ್ಟರ್ ಎಲ್ಲಿಗೆ ಓಡಬೇಕು?

ರಾತ್ರಿ ಪಾಳಿಯಲ್ಲಿ ಇಂಜೆಕ್ಷನ್ ಕೊಟ್ಟು ತೆಗೆಯುವಾಗ ಸೂಜಿ ಸಿಸ್ಟರ್ ಕೈಗೇ ಚುಚ್ಚಿತೆನ್ನಿ. ಹಳ್ಳಿ ಆಸ್ಪತ್ರೆಗಳಲ್ಲಿ ಇಂಥದು ‘ಏನಾಗಲ್ಲ ಬಿಡಮ್ಮ’ ಎಂಬ ಸಮಾಧಾನದಲ್ಲೇ ಮುಗಿದುಹೋಗುವುದುಂಟು. ಹಾಗೆ ಮುಗಿಸುವ ಮಾತಲ್ಲ ಇದು.

ಗಾಬರಿಯೂ ಬೇಡ. ಎಚ್‌ಐವಿ ಇರುವವರ ರಕ್ತದ ಸೂಜಿ ಚುಚ್ಚಿದರೂ ಸೋಂಕು ತಗಲುವುದು ಸಾವಿರದಲ್ಲಿ ಸುಮಾರು 3 ಮಂದಿಗೆ. ಹೆಚ್ಚು ಹೆದರಬೇಕಾದ್ದು ಹೆಪಟೈಟಿಸ್ ಬಿ ಕಾಮಾಲೆಗೆ. ರೋಗಿಗೆ ಅದಿದ್ದು, ಸಿಸ್ಟರಿಗೆ ಲಸಿಕೆಯಾಗಿಲ್ಲದಿದ್ದರೆ ನೂರಕ್ಕೆ 30ರವರೆಗೂ ಅಪಾಯ. ಗಾಯ ಹಿಂಡಬಾರದು, ಬೆರಳು ಬಾಯಿಗಿಡಬಾರದು, ಸೋಪು ನೀರಲ್ಲಿ ತೊಳೆಯಬೇಕು. ಎಚ್‌ಐವಿ ತಡೆಯುವ ಮಾತ್ರೆ 2 ಗಂಟೆಯೊಳಗೆ ಶುರುವಾದರೆ ಉತ್ತಮ. 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಆಮೇಲೆ 28 ದಿನ ತಪ್ಪದೆ ನುಂಗಬೇಕು.

ಈ 2 ಗಂಟೆಯ ಲೆಕ್ಕವೇ ಗೌನಿಪಲ್ಲಿಯಂಥ ಊರಿಗೆ ಕಷ್ಟ. ಶ್ರೀನಿವಾಸಪುರ ದಾಟಿ ಕೋಲಾರದ ಜಿಲ್ಲಾಸ್ಪತ್ರೆ ಸೇರೋಣವೆಂದರೆ ಆ ಸರಿಹೊತ್ತಲ್ಲಿ ಬಸ್ಸೆಲ್ಲಿ? ವಾರ್ಡನ್ನು ಯಾರ ಕೈಗೆ ಬಿಟ್ಟು ಹೋಗೋದು?

ಈ ಔಷಧಿ ಒದಗಿಸುವುದು ಆಸ್ಪತ್ರೆಯ ಹೊಣೆ ಎಂದು 2017ರ ಎಚ್‌ಐವಿ ಕಾಯಿದೆ ಹೇಳುತ್ತದೆ. ಕಸ ಹೊರುವ ಆಯಾಗೂ ಹೆಪಟೈಟಿಸ್ ಬಿ ಲಸಿಕೆ ಹಾಕಿಸಬೇಕೆಂದು 2016ರ ವೈದ್ಯಕೀಯ ತ್ಯಾಜ್ಯ ನಿಯಮ ಹೇಳುತ್ತದೆ. ಕಾಗದದ ಮೇಲೆ ಎಲ್ಲ ಸೊಗಸು!

ಜಿಲ್ಲಾ ಆರೋಗ್ಯಾಧಿಕಾರಿಗಳು ತಾಲ್ಲೂಕಿನ ಒಂದೊಂದು ಆಸ್ಪತ್ರೆಗೂ ಹೋಗಿ ಕೇಳಲಿ: ಮೊದಲ ಮಾತ್ರೆ ಇಲ್ಲಿದೆಯೇ? ಬೀರುವಿನ ಬೀಗದ ಕೈ ರಾತ್ರಿ ಯಾರ ಹತ್ತಿರ ಇರುತ್ತೆ? ಬಂದ ಉತ್ತರವನ್ನು ಡ್ಯೂಟಿ ರೂಮಿನ ಗೋಡೆಗೆ ಅಂಟಿಸಿ ಬರಲಿ.