ಸಿಟ್ಟಿನ ದನಿಯನ್ನು ಅಳೆಯುವವರು ಕಾರಣವನ್ನೇಕೆ ಅಳೆಯುವುದಿಲ್ಲ?

2018ರ ಸೆಪ್ಟೆಂಬರ್‌ನಲ್ಲಿ ನಡೆದ ಯು.ಎಸ್. ಓಪನ್ ಟೆನಿಸ್ ಫೈನಲ್‌ನಲ್ಲಿ ಸೆರೆನಾ ವಿಲಿಯಮ್ಸ್ ಅಂಪೈರ್ ಜೊತೆ ವಾಗ್ವಾದಕ್ಕಿಳಿದರು. ರಾಕೆಟ್ಟನ್ನು ನೆಲಕ್ಕಪ್ಪಳಿಸಿದರು. ಅಂಪೈರನ್ನು ಕಳ್ಳ ಎಂದು ಕರೆದರು. ಪ್ರತಿಯಾಗಿ ಒಂದು ಗೇಮನ್ನು ಕಳೆದುಕೊಂಡರು, 17 ಸಾವಿರ ಡಾಲರ್ ದಂಡವನ್ನೂ ತೆತ್ತರು. ನಿಯಮ ಮೀರಿದ್ದಕ್ಕೆ ಶಿಕ್ಷೆ ಎಂದು ಅದನ್ನು ಒಪ್ಪಿಕೊಳ್ಳೋಣ. ಆದರೆ ಮೆಲ್ಬೋರ್ನಿನ ಹೆರಾಲ್ಡ್ ಸನ್ ಪತ್ರಿಕೆಯು ಆ ಬಳಿಕ ಪ್ರಕಟಿಸಿದ ವ್ಯಂಗ್ಯಚಿತ್ರಕ್ಕೆ ಏನೆನ್ನಬೇಕು? ದಪ್ಪ ತುಟಿ, ಉಬ್ಬಿದ ದೇಹ, ಮುರಿದ ರಾಕೆಟ್ಟಿನ ಮೇಲೆ ಕುಣಿಯುವ ಭಂಗಿ! ಇದೇ ಟೆನಿಸ್ ಅಂಗಳದಲ್ಲಿ ಅಂಪೈರ್‌ಗಳನ್ನು ಮನಸಾರೆ ಬೈದ ಜಾನ್ ಮೆಕೆನ್ರೋರನ್ನು ಜಗತ್ತು ಇವತ್ತಿಗೂ ನಗುತ್ತಲೇ ನೆನಪಿಸಿಕೊಳ್ಳುತ್ತದೆ. ಬಿಳಿಯ ಪುರುಷನ ಸಿಟ್ಟು ವ್ಯಕ್ತಿತ್ವದ ಸೊಗಸಾಗುವುದು ಮತ್ತು ಕಪ್ಪು ಮಹಿಳೆಯ ಸಿಟ್ಟು ಜನಾಂಗದ ಲಕ್ಷಣವಾಗುವುದು ಹೇಗೆ?

ಅಮೇರಿಕದಲ್ಲಿ ಈ ಅಚ್ಚು ಹಳೆಯದು. 1928ರಲ್ಲಿ ಇಬ್ಬರು ಬಿಳಿಯರು ಆರಂಭಿಸಿದ ‘ಆಮಸ್ ಆ್ಯಂಡ್ ಆ್ಯಂಡಿ’ ಎಂಬ ರೇಡಿಯೋ ಹಾಸ್ಯ ಸರಣಿಯಲ್ಲಿ ಸಫೈರ್ ಎಂಬ ಗಯ್ಯಾಳಿ ಹೆಂಡತಿಯ ಪಾತ್ರವಿತ್ತು. ಸದಾ ರೇಗುವ, ಗಂಡನನ್ನು ಜರೆಯುವ ಕಪ್ಪು ಹೆಣ್ಣು. ಆಕೆ ಯಾಕೆ ರೇಗುತ್ತಾಳೆ ಎಂದು ಕೇಳುವ ಅಗತ್ಯ ಯಾರಿಗೂ ಬೀಳಲಿಲ್ಲ. ಅಚ್ಚಿನ ಲಾಭ ಇರುವುದೇ ಅಲ್ಲಿ. ಸಿಟ್ಟನ್ನು ಸ್ವಭಾವವೆಂದು ತೀರ್ಮಾನಿಸಿಬಿಟ್ಟರೆ ಕಾರಣ ಹುಡುಕುವ ಹೊಣೆಯೇ ಇಲ್ಲವಲ್ಲ.

ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಬಳಿಕ ಬಾರದು ಎಂಬ ಗಾದೆ ನಮ್ಮಲ್ಲಿದೆ. ನಿಜ. ಆದರೆ ಮೂಗು ಕೊಯ್ದವರು ಬೇರೆಯವರಾಗಿದ್ದರೆ?

ಐಡಾ ಬಿ. ವೆಲ್ಸ್‌ರ ಬದುಕನ್ನು ನೋಡೋಣ. 1862ರಲ್ಲಿ ಮಿಸಿಸಿಪ್ಪಿಯಲ್ಲಿ ಗುಲಾಮರ ಮಗಳಾಗಿ ಹುಟ್ಟಿದವರು. 1884ರಲ್ಲಿ, ಶಿಕ್ಷಕಿಯಾಗಿದ್ದಾಗ, ರೈಲಿನ ಮಹಿಳೆಯರ ಬೋಗಿಯಲ್ಲಿ ಟಿಕೆಟ್ ಪಡೆದೇ ಕುಳಿತಿದ್ದ ಅವರನ್ನು ಕಂಡಕ್ಟರ್ ಎಬ್ಬಿಸಿ ಎಳೆದ. ಅವರು ಆತನ ಕೈಯನ್ನು ಕಚ್ಚಿದರು! ಬಳಿಕ ನ್ಯಾಯಾಲಯಕ್ಕೆ ಹೋದರು, ಗೆದ್ದರು, 500 ಡಾಲರ್ ಪರಿಹಾರದ ತೀರ್ಪೂ ಬಂತು. ಆದರೆ 1887ರಲ್ಲಿ ಟೆನೆಸ್ಸಿಯ ಸುಪ್ರೀಮ್ ಕೋರ್ಟ್ ಅದನ್ನು ರದ್ದುಪಡಿಸಿತು. ಆಕೆಯ ಉದ್ದೇಶ ಪ್ರಯಾಣವಲ್ಲ, ಕಿರುಕುಳ ಕೊಡುವುದು ಎಂಬರ್ಥದ ಮಾತನ್ನು ನ್ಯಾಯಾಧೀಶರು ಬರೆದರು. ಎಳೆದವನ ಕೈಯ ಬಗ್ಗೆ ಅಲ್ಲ, ಎಳೆಸಿಕೊಂಡವಳ ಮನಸ್ಸಿನ ಬಗ್ಗೆ ತೀರ್ಪು!

1892ರ ಮಾರ್ಚ್‌ನಲ್ಲಿ ಮೆಂಫಿಸ್ ನಗರದಲ್ಲಿ ಮೂವರು ಕಪ್ಪು ಯುವಕರನ್ನು ಬಿಳಿಯರ ಗುಂಪು ಜೈಲಿನಿಂದ ಹೊರಗೆಳೆದು ಕೊಂದುಹಾಕಿತು. ಅವರದ್ದು ಒಂದು ದಿನಸಿ ಅಂಗಡಿ. ಪಕ್ಕದ ಬಿಳಿಯ ವ್ಯಾಪಾರಿಗೆ ಅದು ಪೈಪೋಟಿಯಾಗಿತ್ತು. ಅವರಲ್ಲಿ ಥಾಮಸ್ ಮಾಸ್ ಎಂಬವರು ಐಡಾರ ಆಪ್ತ ಮಿತ್ರ. ಐಡಾ ಅಷ್ಟರಲ್ಲಿ ಪತ್ರಿಕೆಯೊಂದರ ಸಹ ಮಾಲಕಿಯಾಗಿದ್ದರು. ಸಿಟ್ಟು ಬರದಿರಲು ಸಾಧ್ಯವೇ? ಆದರೆ ಆ ಸಿಟ್ಟು ಏನು ಮಾಡಿತು ಎಂಬುದು ಮುಖ್ಯ. ಈ ನಗರವನ್ನು ಬಿಟ್ಟು ಹೋಗಿ ಎಂದು ಅವರು ತನ್ನ ಜನರಿಗೆ ಕರೆ ಕೊಟ್ಟರು. ಸಾವಿರಾರು ಮಂದಿ ಗಂಟುಮೂಟೆ ಕಟ್ಟಿದರು. ಉಳಿದವರು ಟ್ರಾಮ್ ಹತ್ತುವುದನ್ನೇ ನಿಲ್ಲಿಸಿದರು. ಕಂಪೆನಿಯ ಅಧಿಕಾರಿಗಳು ಪತ್ರಿಕಾ ಕಚೇರಿಗೆ ಬಂದು, ನಿಮ್ಮ ಜನರಿಗೆ ಸ್ವಲ್ಪ ಹೇಳಿ ಎಂದು ವಿನಂತಿಸಬೇಕಾಯಿತು.

ಅದಕ್ಕಿಂತಲೂ ದೊಡ್ಡ ಕೆಲಸ ಇನ್ನೊಂದಿದೆ. ಕಪ್ಪು ಪುರುಷರು ಬಿಳಿಯ ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಎಸಗುತ್ತಾರೆ, ಆದ್ದರಿಂದಲೇ ಈ ಗುಂಪುಹತ್ಯೆಗಳು ನಡೆಯುತ್ತವೆ ಎಂಬುದು ಆಗಿನ ಸಾರ್ವತ್ರಿಕ ಸಮರ್ಥನೆಯಾಗಿತ್ತು. ಸಭ್ಯರೂ ನಂಬಿದ್ದರು. ಐಡಾ ಲೆಕ್ಕ ಹಾಕಲು ಕುಳಿತರು. ಅದೂ ಬಿಳಿಯರ ಪತ್ರಿಕೆಗಳೇ ಪ್ರಕಟಿಸಿದ ಅಂಕಿ-ಅಂಶಗಳಿಂದ. ಹೆಚ್ಚಿನ ಪ್ರಕರಣಗಳಲ್ಲಿ ಅತ್ಯಾಚಾರದ ಆರೋಪವೇ ಇಲ್ಲ ಎಂಬುದನ್ನು ತೋರಿಸಿಕೊಟ್ಟರು. 1892ರ ಮೇಯಲ್ಲಿ, ಅವರು ಊರಲ್ಲಿಲ್ಲದ ವೇಳೆ, ಪತ್ರಿಕಾ ಕಚೇರಿಯನ್ನು ಧ್ವಂಸ ಮಾಡಲಾಯಿತು. ಮತ್ತೆ ಮೆಂಫಿಸ್‌ಗೆ ಮರಳಿ ಬದುಕುವಂತಿರಲಿಲ್ಲ. 1894ರಲ್ಲಿ ನ್ಯೂಯಾರ್ಕ್ ಟೈಮ್ಸ್ ಅವರನ್ನು ಹೊಲಸು ಮನಸ್ಸಿನ ನಿಂದಕಿ ಎಂದು ಜರೆಯಿತು. 2018ರಲ್ಲಿ ಅದೇ ಪತ್ರಿಕೆ ಅವರಿಗೆ ತಡವಾದ ನಿಧನ ಲೇಖನವನ್ನು ಬರೆಯಿತು. 2020ರಲ್ಲಿ ಮರಣೋತ್ತರ ಪುಲಿಟ್ಜರ್ ಗೌರವವೂ ಸಂದಿತು. ಸತ್ತವರ ಸಿಟ್ಟನ್ನು ಮೆಚ್ಚುವುದು ಸುಲಭ.

ಐಡಾರನ್ನು ದೂರವಿಟ್ಟವರಲ್ಲಿ ಬಿಳಿಯ ಪುರುಷರಷ್ಟೇ ಇರಲಿಲ್ಲ. 1913ರಲ್ಲಿ ವಾಷಿಂಗ್ಟನ್ನಿನಲ್ಲಿ ಮತದಾನದ ಹಕ್ಕಿಗಾಗಿ ನಡೆದ ಮಹಿಳಾ ಮೆರವಣಿಗೆಯಲ್ಲಿ, ಕಪ್ಪು ಮಹಿಳೆಯರು ಹಿಂದಿನ ಸಾಲಿನಲ್ಲಿರಲಿ ಎಂದು ಸಂಘಟಕರು ಸೂಚಿಸಿದರು. ದಕ್ಷಿಣದ ಬಿಳಿಯ ಸೋದರಿಯರಿಗೆ ಮುಜುಗರವಾಗಬಾರದಂತೆ! ಐಡಾ ಪ್ರೇಕ್ಷಕರ ನಡುವೆ ನಿಂತು, ಇಲಿನಾಯ್ ತಂಡ ಹಾದುಹೋಗುವಾಗ ಅದರೊಳಗೆ ಸೇರಿ ನಡೆದರು. 1981ರಲ್ಲಿ ಆಡ್ರೆ ಲಾರ್ಡ್ ಎಂಬ ಕಪ್ಪು ಕವಯಿತ್ರಿ ಮಹಿಳಾ ಅಧ್ಯಯನದ ಸಮ್ಮೇಳನದಲ್ಲಿ ಮಾತಾಡಲು ನಿಂತಾಗಲೂ ಎದುರಿಗಿದ್ದವರಲ್ಲಿ ಹೆಚ್ಚಿನವರು ಬಿಳಿಯ ಮಹಿಳೆಯರೇ. ನಿಮ್ಮ ನೋವನ್ನು ಹೇಳಿ, ಆದರೆ ಇಷ್ಟು ಕಟುವಾಗಿ ಬೇಡ ಎನ್ನುವವರಿಗೆ ಅಡ್ಡಿಯಾಗಿರುವುದು ನನ್ನ ಕಟುತನವೋ, ತಾವು ಬದಲಾಗಬೇಕಾದೀತೆಂಬ ಅಳುಕೋ ಎಂಬುದು ಅವರ ಪ್ರಶ್ನೆಯ ಸಾರವಾಗಿತ್ತು. ದ್ವೇಷ ಮತ್ತು ಸಿಟ್ಟು ಒಂದಲ್ಲ ಎಂದೂ ಅವರು ವಾದಿಸಿದರು. ದ್ವೇಷಕ್ಕೆ ನಾಶ ಬೇಕು, ಸಿಟ್ಟಿಗೆ ಬದಲಾವಣೆ ಬೇಕು. ನಾವು ಈ ವ್ಯತ್ಯಾಸವನ್ನು ಪೂರ್ಣವಾಗಿ ಒಪ್ಪುತ್ತೇವೆ. ಎಲ್ಲ ಸಿಟ್ಟೂ ಪವಿತ್ರ ಎಂದು ಯಾರೂ ಹೇಳುತ್ತಿಲ್ಲ. ಐಡಾರ ಸಿಟ್ಟಿನ ಕೈಯಲ್ಲಿ ಅಂಕಿ-ಅಂಶವಿತ್ತು, ಗುಂಪಿನ ಸಿಟ್ಟಿನ ಕೈಯಲ್ಲಿ ಹಗ್ಗ.

ಆದರೂ ಒಂದು ಆಕ್ಷೇಪವಿದೆ. ಮೆಲುದನಿಯಲ್ಲಿ ಹೇಳಿದರೆ ಕೇಳುತ್ತಾರಲ್ಲವೇ ಎಂಬುದು. 1991ರ ಅಕ್ಟೋಬರ್‌ನಲ್ಲಿ ಕಾನೂನು ಪ್ರಾಧ್ಯಾಪಕಿ ಅನಿತಾ ಹಿಲ್ ಮೆಲುದನಿಯಲ್ಲೇ ಹೇಳಿದರು. ಸುಪ್ರೀಮ್ ಕೋರ್ಟಿಗೆ ನಾಮಕರಣಗೊಂಡಿದ್ದ ಕ್ಲಾರೆನ್ಸ್ ಥಾಮಸ್ ಹಿಂದೆ ತನ್ನ ಮೇಲಧಿಕಾರಿಯಾಗಿದ್ದಾಗ ಲೈಂಗಿಕ ಕಿರುಕುಳ ಕೊಟ್ಟಿದ್ದರು ಎಂಬುದು ಅವರ ಆರೋಪ. ಥಾಮಸ್ ಪೂರ್ಣವಾಗಿ ನಿರಾಕರಿಸಿದರು. ಆಲಿಸಿದ ಸೆನೆಟ್ ಸಮಿತಿಯ 14 ಮಂದಿಯೂ ಬಿಳಿಯ ಪುರುಷರು. ಹಿಲ್ ಕಿರುಚಲಿಲ್ಲ, ಅಳಲಿಲ್ಲ. ಅದರಿಂದ ಬಂದ ಲಾಭವೇನು? ಸೇಡಿನವಳು, ಭ್ರಮೆಯವಳು ಎಂಬ ಬಿರುದುಗಳು! 52-48 ಮತಗಳಿಂದ ಥಾಮಸ್ ನ್ಯಾಯಮೂರ್ತಿಯಾದರು.

ನಮ್ಮನ್ನು ಹೆಚ್ಚು ಕಾಡಿದ್ದು ಬೇರೆಯೇ. ಥಾಮಸ್ ಕೂಡ ಕಪ್ಪು ವರ್ಣೀಯರು. ಅವರು ತನ್ನ ವಿಚಾರಣೆಯನ್ನೇ ಗುಂಪುಹತ್ಯೆ ಎಂದು ಕರೆದರು. ಐಡಾ ಬದುಕನ್ನೇ ಸವೆಸಿ ಜಗತ್ತಿಗೆ ತಿಳಿಸಿದ ಆ ಭೀಕರ ಪದ, ಓರ್ವ ಕಪ್ಪು ಮಹಿಳೆಯ ಬಾಯಿ ಮುಚ್ಚಿಸಲು ಬಳಕೆಯಾಯಿತು. ಬಿಳಿಯರೆದುರು ನಮ್ಮವನ ಮಾನ ಕಳೆದಳು ಎಂದು ಕಪ್ಪು ಸಮುದಾಯದೊಳಗೇ ಹಿಲ್‌ರನ್ನು ದೂರಿದವರು ಹಲವರು. ಹೊರಗಿನ ಅನ್ಯಾಯಕ್ಕೆ ಗುರಿಯಾದ ಸಮುದಾಯಗಳಲ್ಲಿ ಇದು ಅಪರೂಪವಲ್ಲ. ಒಗ್ಗಟ್ಟಿನ ಬೆಲೆಯನ್ನು ಸದಾ ಮಹಿಳೆಯೇ ತೆರಬೇಕು, ಮೌನದ ರೂಪದಲ್ಲಿ. 1977ರಲ್ಲೇ ಬೋಸ್ಟನ್ನಿನ ‘ಕಾಂಬಾಹೀ ರಿವರ್ ಕಲೆಕ್ಟಿವ್’ ಎಂಬ ಕಪ್ಪು ಸ್ತ್ರೀವಾದಿಗಳ ಗುಂಪು ಇದಕ್ಕೆ ಉತ್ತರಿಸಿತ್ತು. ವರ್ಣಭೇದದ ವಿರುದ್ಧ ನಮ್ಮ ಪುರುಷರ ಜೊತೆ ನಿಲ್ಲುತ್ತೇವೆ, ಲಿಂಗ ತಾರತಮ್ಯದ ವಿಷಯದಲ್ಲಿ ಅವರೊಂದಿಗೇ ಹೋರಾಡುತ್ತೇವೆ ಎಂಬುದು ಅದರ ನಿಲುವು. ಇದರಲ್ಲಿ ಸಮುದಾಯದ್ರೋಹ ಎಲ್ಲಿದೆ?

1991ರ ನವೆಂಬರ್‌ನಲ್ಲಿ 1,603 ಕಪ್ಪು ಮಹಿಳೆಯರು ತಾವೇ ಹಣ ಸಂಗ್ರಹಿಸಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಹಿಲ್ ಪರ ಜಾಹೀರಾತು ಹಾಕಿಸಿದರು. ಮರು ವರ್ಷ ಇಲಿನಾಯ್‌ನಲ್ಲಿ ಕ್ಯಾರೊಲ್ ಮೋಸ್ಲಿ ಬ್ರಾನ್, ಥಾಮಸ್ ಪರ ಮತ ಹಾಕಿದ್ದ ಸ್ವಪಕ್ಷದ ಸೆನೆಟರನ್ನೇ ಪಕ್ಷದ ಒಳಚುನಾವಣೆಯಲ್ಲಿ ಸೋಲಿಸಿ, ಅಮೇರಿಕದ ಸೆನೆಟ್‌ನ ಪ್ರಥಮ ಕಪ್ಪು ಮಹಿಳಾ ಸದಸ್ಯೆಯಾದರು.

ಇನ್ನು, ಐಡಾರ ಲೆಕ್ಕ. ಗುಂಪುಹತ್ಯೆಯ ವಿರುದ್ಧ ಕ್ರಮ ಕೈಗೊಳ್ಳಿ ಎಂದು ಕೇಳಲು ಅವರು 1898ರಲ್ಲಿ ಅಧ್ಯಕ್ಷ ಮೆಕಿನ್ಲಿಯವರ ಬಳಿಗೆ ಹೋಗಿದ್ದರು. 1900ರಿಂದೀಚೆಗೆ ಅಮೇರಿಕದ ಸಂಸತ್ತಿನಲ್ಲಿ ಇದಕ್ಕಾಗಿ 200ಕ್ಕೂ ಅಧಿಕ ಪ್ರಯತ್ನಗಳು ವಿಫಲವಾದುವು. ಐಡಾ 1931ರಲ್ಲಿ ತೀರಿಕೊಂಡರು. ಕೊನೆಗೂ 2022ರ ಮಾರ್ಚ್ 29ರಂದು, 1955ರಲ್ಲಿ ಕೊಲೆಯಾದ 14ರ ಬಾಲಕ ಎಮೆಟ್ ಟಿಲ್ ಹೆಸರಿನ ಮಸೂದೆಗೆ ಅಧ್ಯಕ್ಷ ಬೈಡನ್ ಸಹಿ ಹಾಕಿದರು. ಗುಂಪುಹತ್ಯೆಯು ಅಮೇರಿಕದ ಕೇಂದ್ರ ಕಾನೂನಿನಲ್ಲಿ ದ್ವೇಷಾಪರಾಧವಾಯಿತು. ಆ ಸಮಾರಂಭದಲ್ಲಿ ಮಾತಾಡಿದವರಲ್ಲಿ ಐಡಾರ ಮರಿಮೊಮ್ಮಗಳು ಮಿಶೆಲ್ ಡಸ್ಟರ್ ಕೂಡ ಇದ್ದರು.