ಎಣ್ಣೆಯ ಹಾದಿಗೆ ತಕ್ಕ ಚೆಂಡು

ಬೆಂಗಳೂರಿನ ವಾಚಕರೊಬ್ಬರು ತಮ್ಮ ಮಗಳ ಪರವಾಗಿ ಒಂದು ಪ್ರಶ್ನೆಯನ್ನು ಕಳುಹಿಸಿದ್ದಾರೆ. ಹುಡುಗಿಯು ಎರಡು ವರ್ಷಗಳಿಂದ ಬೌಲಿಂಗ್ ಆಟವನ್ನು ಶ್ರದ್ಧೆಯಿಂದ ಅಭ್ಯಾಸ ಮಾಡುತ್ತಿದ್ದಾಳೆ. ಸ್ವಂತದ್ದೊಂದು ಚೆಂಡೂ ಉಂಟು. ದಿನದಿನದ ಆಟದಲ್ಲಿ ಆ ಚೆಂಡು ಹೇಳಿದ ಮಾತನ್ನು ಕೇಳುತ್ತದೆ. ಪಂದ್ಯದ ದಿನ, ಹಾದಿಗೆ ಹೊಸದಾಗಿ ಎಣ್ಣೆ ಬಿದ್ದಾಗ, ಅದೇ ಚೆಂಡು ತಿರುಗದೆ ಜಾರಿಕೊಂಡು ಹೋಗುತ್ತದೆ. ಬಲ್ಲವರೆನಿಸಿಕೊಂಡ ಒಬ್ಬರು ಹೊಸ ಚೆಂಡನ್ನೇ ಕೊಳ್ಳಬೇಕೆಂದು ಹೇಳಿದರಂತೆ. ಬೆಲೆ ಹಲವು ಸಾವಿರ ರೂಪಾಯಿ. "ಬರುವ ತಿಂಗಳ ಪಂದ್ಯಕ್ಕೆ ಹೋಗಲೇಬೇಕೆಂದು ಮಗಳ ಹಟ. ಕೊಡಿಸಲೆ, ಬೇಡವೆ?" ಎಂದು ತಂದೆಯವರು ಕೇಳುತ್ತಾರೆ.

ಈ ಕ್ಷಣವೇ ಕೊಡಿಸಬೇಡಿರಿ ಎಂಬುದು ನಮ್ಮ ಉತ್ತರ. ಕಾರಣವನ್ನು ಹೇಳುವುದಕ್ಕೆ ಮುಂಚೆ, ಈ ಆಟವನ್ನು ಕಂಡಿಲ್ಲದ ವಾಚಕರಿಗಾಗಿ ಎಣ್ಣೆಯ ಸಂಗತಿಯನ್ನು ತಿಳಿಸಬೇಕು.

ಆಟಗಾರನು ನಿಲ್ಲುವ ಗೆರೆಯಿಂದ ಮೊದಲನೆಯ ಪಿನ್ನಿಗೆ ೬೦ ಅಡಿ ದೂರ. ಹಾದಿಯ ಅಗಲ ಸುಮಾರು ನಲವತ್ತೊಂದೂವರೆ ಅಂಗುಲ; ಅದರಲ್ಲಿ ೩೯ ಪಟ್ಟಿಗಳು. ಕೊನೆಯಲ್ಲಿ ಹತ್ತು ಪಿನ್ನುಗಳು ತ್ರಿಕೋನವಾಗಿ ನಿಂತಿರುತ್ತವೆ. ಹಾದಿಯು ಮರದ್ದಾಗಿದ್ದ ಕಾಲದಲ್ಲಿ, ಭಾರವಾದ ಚೆಂಡಿನ ತಿಕ್ಕಾಟದಿಂದ ಮರ ಸವೆಯದಿರಲೆಂದು ಎಣ್ಣೆ ಸವರುತ್ತಿದ್ದರು. ಈಗ ಬಹುಮಟ್ಟಿಗೆ ಕೃತಕ ಹಲಗೆಗಳು ಬಂದಿವೆ. ಆದರೂ ಎಣ್ಣೆ ಉಳಿದುಕೊಂಡಿತು, ಉಳಿದುಕೊಂಡು ಆಟದ ಒಂದು ಅಂಗವೇ ಆಗಿಬಿಟ್ಟಿತು. ಒಂದು ಹಾದಿಗೆ ಬೀಳುವುದು ಸುಮಾರು ೨೫ ಮಿಲಿಲೀಟರು, ಎಂದರೆ ಐದು ಟೀ ಚಮಚೆಯಷ್ಟು. ಅಷ್ಟನ್ನೇ ಒಂದು ಯಂತ್ರವು ಮುಂದಿನ ಸುಮಾರು ೪೦ ಅಡಿಗೆ ತೆಳ್ಳಗೆ ಹರಡುತ್ತದೆ. ಹಿಂದಿನ ೨೦ ಅಡಿ ಒಣಗಿಯೇ ಇರುತ್ತದೆ. ನಿತ್ಯದ ಆಟಕ್ಕೆ ಎಣ್ಣೆಯನ್ನು ನಡುವೆ ಹೆಚ್ಚಾಗಿಯೂ ಅಂಚಿನಲ್ಲಿ ಕಡಿಮೆಯಾಗಿಯೂ ಹಾಕುವುದು ವಾಡಿಕೆ. ಹಾಗೆ ಹಾಕಿದ ಹಾದಿಯು ಸಣ್ಣ ತಪ್ಪುಗಳನ್ನು ಕ್ಷಮಿಸುತ್ತದೆ. ದೊಡ್ಡ ಪಂದ್ಯಗಳಲ್ಲಿ ಅಂಚಿಗೂ ನಡುವಿಗೂ ಅಷ್ಟು ಭೇದವಿರುವುದಿಲ್ಲ. ಮನೆಯಲ್ಲಿ ಹುಲಿಯಾದ ಚೆಂಡು ಪಂದ್ಯದಲ್ಲಿ ಇಲಿಯಾಗುವುದು ಇದರಿಂದ.

ಚೆಂಡು ನೇರವಾಗಿ ಹೋಗಿ ಬಡಿದರೆ ಸಾಲದೆ ಎಂದು ಕೇಳಬಹುದು. ಸಾಲದು. ಬಲಗೈಯವರ ಚೆಂಡು ಮೊದಲನೆಯ ಪಿನ್ನಿಗೂ ಮೂರನೆಯದಕ್ಕೂ ನಡುವೆ, ಸುಮಾರು ನಾಲ್ಕರಿಂದ ಆರು ಡಿಗ್ರಿಗಳಷ್ಟು ಓರೆಯಾಗಿ ನುಗ್ಗಿದರೆ ಹತ್ತೂ ಪಿನ್ನುಗಳು ಬೀಳುವ ಸಂಭವ ಹೆಚ್ಚು. ಆ ಓರೆಯು ಬರುವುದು ತಿರುವಿನಿಂದ. ತಿರುವು ಬರುವುದು ಚೆಂಡು ನೆಲವನ್ನು ಕಚ್ಚುವುದರಿಂದ. ಎಣ್ಣೆ ಅತಿಯಾದ ಹಾದಿಯಲ್ಲಿ ಚೆಂಡು ಜಾರುತ್ತಲೇ ಇದ್ದು, ಕಚ್ಚುವ ವೇಳೆಗೆ ಪಿನ್ನುಗಳು ಎದುರಿಗೆ ಬಂದಿರುತ್ತವೆ.

ಈ ಚೆಂಡನ್ನು ತೆಂಗಿನಕಾಯಿಯಂತೆ ಭಾವಿಸಬಹುದು: ಹೊರಗೊಂದು ಸಿಪ್ಪೆ, ಒಳಗೊಂದು ತಿರುಳು. ಅಂಗಡಿಯವರು ತಿರುಳಿನ ಆಕಾರವನ್ನು ಕುರಿತು ಬಹಳ ಹೊತ್ತು ಮಾತನಾಡುತ್ತಾರೆ, ಚಿತ್ರವನ್ನೂ ತೋರಿಸುತ್ತಾರೆ. ಎಣ್ಣೆಯ ಮೇಲೆ ಮುಖ್ಯವಾದುದು ಸಿಪ್ಪೆ. ಇದಕ್ಕೆ ನಿದರ್ಶನ ಬೇಕಾದರೆ ಅಮೆರಿಕಾದ ಡಾನ್ ಮೆಕ್ಯೂನ್ ಎಂಬ ಆಟಗಾರರ ಕಥೆಯನ್ನು ಕೇಳಬೇಕು. ಆಗ ಪಾಲಿಯೆಸ್ಟರ್ ಚೆಂಡುಗಳು ಬಳಕೆಯಲ್ಲಿದ್ದುವು. ಗಟ್ಟಿಯಾಗಿ ನುಣ್ಣಗಿದ್ದು ಎಣ್ಣೆಯಲ್ಲಿ ಜಾರುತ್ತಿದ್ದುವು. ಈತನು ಅವನ್ನು ಮೀಥೈಲ್ ಈಥೈಲ್ ಕೀಟೋನ್ ಎಂಬ ದ್ರಾವಕದಲ್ಲಿ ನೆನೆಯಿಟ್ಟು ಸಿಪ್ಪೆಯನ್ನು ಮೆತ್ತಗೆ ಮಾಡಿದನು. ತಿರುಳು ಅದೇ, ತೂಕ ಅದೇ, ಕೈ ಅದೇ. ೧೯೭೩ರಲ್ಲಿ ಆರು ಪಂದ್ಯಗಳನ್ನು ಗೆದ್ದು ವರ್ಷದ ಶ್ರೇಷ್ಠ ಆಟಗಾರನೆನಿಸಿದನು! ಉಳಿದವರೂ ನೆನೆಯಿಡತೊಡಗಿದರು. ಅಧಿಕಾರಿಗಳು ಎಚ್ಚತ್ತು, ಚೆಂಡು ಇಷ್ಟು ಗಟ್ಟಿಯಿರಲೇಬೇಕೆಂದು ನಿಯಮ ಮಾಡಿದರು. (ಆ ದ್ರಾವಕವು ಥಟ್ಟನೆ ಬೆಂಕಿ ಹಿಡಿಯತಕ್ಕದ್ದು, ಯಾರೂ ಪ್ರಯೋಗಕ್ಕೆ ಕೈಹಾಕಬಾರದು.) ೧೯೮೦ರ ನಂತರ ಯೂರಿಥೇನ್ ಸಿಪ್ಪೆಯೂ, ೧೯೯೦ರ ನಂತರ ರಿಯಾಕ್ಟಿವ್ ರೆಸಿನ್ ಎಂಬುದೂ ಬಂದುವು. ಈ ಕೊನೆಯದರಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿದ್ದು ಅವು ಎಣ್ಣೆಯನ್ನು ಹೀರಿಕೊಳ್ಳುತ್ತವೆ.

ಆದುದರಿಂದ ತಂದೆಯವರು ಮೊದಲು ವಿಚಾರಿಸಬೇಕಾದದ್ದು, ಮಗಳ ಚೆಂಡಿನ ಸಿಪ್ಪೆ ಯಾವುದು ಎಂಬುದನ್ನು. ಪಾಲಿಯೆಸ್ಟರ್ ಆಗಿದ್ದರೆ ಎಷ್ಟು ಉಜ್ಜಿದರೂ ಫಲ ಅಲ್ಪ. ಆಗ ಬಲ್ಲವರ ಮಾತೇ ಸರಿ. ರಿಯಾಕ್ಟಿವ್ ಆಗಿದ್ದರೆ, ಎರಡು ವರ್ಷಗಳ ಬಳಕೆಯಿಂದ ಅದು ನುಣುಪಾಗಿ ಎಣ್ಣೆ ಕುಡಿದು ಕುಳಿತಿರುವುದು ಬಹುಮಟ್ಟಿಗೆ ನಿಶ್ಚಯ. ನಮ್ಮ ಮನೆಗಳಲ್ಲಿ ಒರಳು ನುಣುಪಾಗಿ ಅರೆಯದೆ ಹೋದರೆ ಹೊಸ ಒರಳನ್ನು ತರುತ್ತಿದ್ದರೆ? ಕಲ್ಲುಕುಟಿಗನನ್ನು ಕರೆದು ಉಳಿಯಿಂದ ಒರಟು ಮಾಡಿಸುತ್ತಿದ್ದರು. ಇಲ್ಲಿಯೂ ಅದೇ ಉಪಾಯ.

ಇದಕ್ಕೆಂದೇ ಉಪ್ಪುಕಾಗದದ ಜಾತಿಯ ಪ್ಯಾಡುಗಳು ದೊರೆಯುತ್ತವೆ. ಅಂಕಿ ಕಡಿಮೆಯಾದಷ್ಟೂ ಒರಟು. ಮೊದಲು ೨೦೦೦ದ ಪ್ಯಾಡನ್ನು ನೀರಿನಲ್ಲಿ ತೋಯಿಸಿ, ಚೆಂಡನ್ನು ನಾಲ್ಕು ಮಗ್ಗುಲಾಗಿ ಎಣಿಸಿಕೊಂಡು, ಪ್ರತಿಯೊಂದಕ್ಕೂ ಒಂದೇ ಒತ್ತಡ ಒಂದೇ ಹೊತ್ತು ಬರುವಂತೆ ಉಜ್ಜತಕ್ಕದ್ದು. ಉರುಳಿಸಿ ನೋಡಿ, ಸಾಲದಿದ್ದರೆ ೧೦೦೦. ಎಣ್ಣೆ ತೀರ ಹೆಚ್ಚಾಗಿದ್ದರೆ ಮಾತ್ರ ೫೦೦. ಮೊದಲೇ ೫೦೦ಕ್ಕೆ ಕೈಯಿಡುವವರು ಚೆಂಡಿನ ಬಲವೆಲ್ಲ ಅರ್ಧ ದಾರಿಯಲ್ಲೇ ವೆಚ್ಚವಾಗಿ, ಅದು ಪಿನ್ನುಗಳಿಗೆ ಮೆತ್ತಗೆ ತಗಲುವುದನ್ನು ಕಂಡು ಪೇಚಾಡುತ್ತಾರೆ. ಈ ಒರಟು ಕೆಲವು ಆಟಗಳಲ್ಲಿಯೇ ಸವೆಯುವುದರಿಂದ ಪಂದ್ಯದ ಹಿಂದಿನ ದಿನ ಮತ್ತೆ ಉಜ್ಜುವುದು ಒಳ್ಳೆಯದು. ಪಂದ್ಯ ಪ್ರಾರಂಭವಾದ ಮೇಲೆ ಪ್ಯಾಡನ್ನು ಮುಟ್ಟಕೂಡದು. ಅಮೆರಿಕಾದ ಬೌಲಿಂಗ್ ಕಾಂಗ್ರೆಸ್ಸು ೨೦೧೯ರ ಆಗಸ್ಟ್‌ನಿಂದ ಪಂದ್ಯದ ನಡುವೆ ಒಣ ವಸ್ತ್ರದ ಹೊರತು ಬೇರೇನನ್ನೂ ಚೆಂಡಿಗೆ ಹಚ್ಚಬಾರದೆಂದು ಗೊತ್ತುಮಾಡಿದೆ. ಇಲ್ಲಿ ಪಂದ್ಯ ನಡೆಸುವವರ ನಿಯಮವನ್ನೂ ಮೊದಲೇ ಕೇಳಿಕೊಳ್ಳಿರಿ.

ಉಜ್ಜುವುದಕ್ಕೆ ಮುಂಚೆ ಕುಡಿದ ಎಣ್ಣೆಯನ್ನು ಬಿಡಿಸಬೇಕು. ಆಟ ಮುಗಿದೊಡನೆ, ಚೆಂಡಿನ ಮೇಲಿನ ಎಣ್ಣೆಯ ಗೆರೆಗಳು ಒಳಗಿಳಿಯುವ ಮುನ್ನ, ಚೆಂಡು ತೊಳೆಯುವ ದ್ರವದಿಂದ ಒರೆಸುವ ಅಭ್ಯಾಸವಿದ್ದರೆ ಅರ್ಧ ಕೆಲಸ ತೀರಿತು. ಹಳೆಯ ಎಣ್ಣೆಯನ್ನು ಅಂಗಡಿಯಲ್ಲಿ ಹದವಾದ ಶಾಖದಿಂದ ತೆಗೆಯುತ್ತಾರೆ. ಆ ಶಾಖವನ್ನು ಅಡಿಗೆಮನೆಯ ಓವನ್ನಿನಲ್ಲಿ ಕೊಡುವ ಸಾಹಸಿಗಳೂ ಉಂಟು. ಸಿಪ್ಪೆ ಬಿರಿಯುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಟ್ಟರೂ ಅದೇ ಗತಿ.

ಇನ್ನು ಕೈಯ ವಿಚಾರ. ಎಣ್ಣೆ ಹೆಚ್ಚಿದ ದಿನ ತಿರುವು ಬರಲೆಂದು ಮಕ್ಕಳು ಮಣಿಕಟ್ಟನ್ನು ಬಲವಂತವಾಗಿ ತಿರುಚುತ್ತಾರೆ. ಇದನ್ನು ತಾಯಿತಂದೆಗಳು ಕಂಡ ಕೂಡಲೆ ನಿಲ್ಲಿಸಬೇಕು. ಹೋದ ಪಂದ್ಯ ಮತ್ತೆ ಬರುತ್ತದೆ, ಕೆಟ್ಟ ಮಣಿಕಟ್ಟು ಸುಲಭವಾಗಿ ಬಾರದು. ಅದರ ಬದಲು ವೇಗವನ್ನು ಸ್ವಲ್ಪ ತಗ್ಗಿಸಲಿ. ನಿಧಾನವಾದ ಚೆಂಡಿಗೆ ನೆಲವನ್ನು ಕಚ್ಚಲು ಹೆಚ್ಚು ಅವಕಾಶ. ಗುರಿಯನ್ನು ಗೊತ್ತುಮಾಡಲು ಆಟಗಾರರಲ್ಲಿ ಒಂದು ಸುಲಭವಾದ ಲೆಕ್ಕವಿದೆ: ಎಣ್ಣೆಯ ಉದ್ದದ ಅಡಿಗಳಿಂದ ೩೧ನ್ನು ಕಳೆಯುವುದು. ಎಣ್ಣೆ ೪೦ ಅಡಿಯಾದರೆ, ಅದು ಮುಗಿಯುವೆಡೆಯಲ್ಲಿ ಬಲಗೈಯವರ ಚೆಂಡು ಬಲದ ಅಂಚಿನಿಂದ ೯ನೆಯ ಪಟ್ಟಿಯ ಬಳಿ ಇರಬೇಕು. ೪೫ ಅಡಿಯಾದರೆ ೧೪ನೆಯದರ ಬಳಿ. ಲೆಕ್ಕವು ಅಂದಾಜಿನದು. ಆದರೂ ಉದ್ದವಾದ ಎಣ್ಣೆಯಲ್ಲಿ ಅಂಚಿಗೆ ಎಸೆದು ಚೆಂಡು ಹಿಂದಿರುಗಲೆಂದು ಕಾಯುವ ವ್ಯರ್ಥ ಪ್ರಯತ್ನವನ್ನು ಅದು ತಪ್ಪಿಸುತ್ತದೆ.

ಇಷ್ಟಾದರೂ ಚೆಂಡು ತಿರುಗದಿದ್ದರೆ ಕೊಡಿಸಿರಿ. ರಿಯಾಕ್ಟಿವ್ ಸಿಪ್ಪೆಯದು, ಹೊಳಪಿಲ್ಲದೆ ಮಂಕಾಗಿರುವುದು ಬೇಕೆಂದು ಕೇಳಿರಿ. ಬೇಗನೆ ಸುತ್ತತೊಡಗುವ ತಿರುಳಿರಲಿ. ಅದು ಉರುಳುವಾಗ ಪ್ರತಿ ಸುತ್ತಿಗೂ ಎಣ್ಣೆಯಾಗದ ಹೊಸ ಮೈಯನ್ನು ನೆಲಕ್ಕೆ ಕೊಡತಕ್ಕದ್ದಾಗಿರಲಿ. ಬೆರಳಿನ ತೂತುಗಳನ್ನು ಅವಳ ಕೈಯನ್ನು ಅಳೆದೇ ಕೊರೆಯಿಸಬೇಕು. ತೂತುಗಳಿಗೆ ತಿರುಳು ಯಾವ ಕಡೆ ಬರುವುದೋ ಅದರಿಂದಲೂ ತಿರುವು ಬದಲಾಗುವುದು. ತೂಕವನ್ನು ಮಾತ್ರ ಹೆಚ್ಚಿಸಬೇಡಿರಿ. ನಿಯಮವು ೧೬ ಪೌಂಡಿನವರೆಗೆ ಒಪ್ಪುತ್ತದೆಂದು ಹುಡುಗಿಯ ಭುಜವೂ ಒಪ್ಪಬೇಕಾಗಿಲ್ಲ.

ಹೊಸದು ಬಂದ ಮೇಲೆ ಹಳೆಯದನ್ನು ಮಾರಬಾರದು. ಆಟ ಸಾಗಿದಂತೆ ಚೆಂಡುಗಳೇ ಎಣ್ಣೆಯನ್ನು ಎತ್ತಿಕೊಂಡು ಹೋಗಿ ಹಾದಿಯು ಅಲ್ಲಲ್ಲಿ ಒಣಗುತ್ತದೆ. ಮೂರನೆಯ ಆಟದ ಹೊತ್ತಿಗೆ ಮಂಕಾದ ಚೆಂಡು ಬೇಕಾದುದಕ್ಕಿಂತ ಹೆಚ್ಚು ತಿರುಗತೊಡಗಬಹುದು. ಆಗ ಚೀಲದಿಂದ ಹೊರಕ್ಕೆ ಬರಬೇಕಾದದ್ದು ಆ ನುಣುಪಾದ ಹಳೆಯ ಚೆಂಡೇ.